ಬಾಡಿಗೆ ಮನೆಗೂ ಬತ್ತುವ ಕಾಲವಿದೆ: ಹಾಲಿನ ದುಡ್ಡಿನಲ್ಲಿ ಕಟ್ಟುವ ಮುನ್ನ ಒಂದು ಲೆಕ್ಕ



ಹಸು ಆರೋಗ್ಯ ಶಿಬಿರಗಳಲ್ಲಿ ಈಚೆಗೆ ಹಸುವಿಗೆ ಸಂಬಂಧವಿಲ್ಲದ ಪ್ರಶ್ನೆಯೊಂದು ಮತ್ತೆ ಮತ್ತೆ ಬರುತ್ತಿದೆ. "ಡಾಕ್ಟ್ರೇ, ಹೋಬಳಿಯಲ್ಲಿ ಕಾಲೇಜು ಬಂದಿದೆ, ಗಾರ್ಮೆಂಟ್ಸ್ ಬಂದಿದೆ. ಎರಡು ಹಸು ಮಾರಿ ಎರಡು ಬಾಡಿಗೆ ಮನೆ ಕಟ್ಟಿಸಿದರೆ ಹೇಗೆ? ಬೆಳಿಗ್ಗೆ ನಾಲ್ಕಕ್ಕೆ ಏಳೋದು ತಪ್ಪುತ್ತಲ್ಲ?" ಕೇಳುವವರು ತಮಾಷೆಗೆ ಕೇಳುತ್ತಿಲ್ಲ. ಇಪ್ಪತ್ತು ವರ್ಷ ಸಗಣಿ ಬಾಚಿದ ಸೊಂಟ ನೋಯುತ್ತದೆ, ಮಕ್ಕಳು ಊರಲ್ಲಿ ಉಳಿಯುವುದಿಲ್ಲ, ವಯಸ್ಸಾದ ಮೇಲೆ ಕೈಯಲ್ಲಿ ನಾಲ್ಕು ಕಾಸು ಬೇಕು ಎಂಬ ಚಿಂತೆ ಆ ಪ್ರಶ್ನೆಯ ಹಿಂದಿದೆ.

ಬಾಡಿಗೆ ಮನೆ ಒಳ್ಳೆಯದೇ. ಆದರೆ ಅದನ್ನೂ ಹಸುವಿನಂತೆಯೇ ಲೆಕ್ಕ ಹಾಕಬೇಕು. ಹಸುವಿಗೆ ಮೇವಿನ ಖರ್ಚಿದ್ದರೆ ಮನೆಗೆ ರಿಪೇರಿ ಖರ್ಚಿದೆ. ಹಸು ವರ್ಷಕ್ಕೆ ಎರಡು ತಿಂಗಳು ಬತ್ತುತ್ತದೆ, ಮನೆಯೂ ಕೆಲವು ತಿಂಗಳು ಖಾಲಿ ಬೀಳುತ್ತದೆ. ಹಸುವಿನ ಕಿವಿಯಲ್ಲಿ ಓಲೆ ಇರುವಂತೆ ಮನೆಗೆ ಕಾಗದ ಇರಬೇಕು, ಆ ಕಾಗದ ನಿಮ್ಮ ಹೆಸರಿನಲ್ಲಿರಬೇಕು.

ಮೊದಲು ಒಂದು ಲೆಕ್ಕ

ಕೆಳಗಿನವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ನಿಮ್ಮೂರಿನ ಕೂಲಿ, ಸಿಮೆಂಟು, ಬಾಡಿಗೆ ದರ ಹಾಕಿಕೊಂಡು ನೀವೇ ಮತ್ತೊಮ್ಮೆ ಮಾಡಿ ನೋಡಿ.

ನಿಮ್ಮ ಸ್ವಂತ ಜಾಗದಲ್ಲಿ ಎರಡು ಚಿಕ್ಕ ಮನೆ ಕಟ್ಟಲು 7 ಲಕ್ಷ ರೂಪಾಯಿ ಬೇಕು ಎಂದುಕೊಳ್ಳೋಣ. ಕೈಯಲ್ಲಿ 3 ಲಕ್ಷ ಇದೆ, 4 ಲಕ್ಷ ಬ್ಯಾಂಕ್ ಸಾಲ. ಶೇ. 10ರ ಬಡ್ಡಿಗೆ 10 ವರ್ಷದ ಅವಧಿ ಹಾಕಿದರೆ ತಿಂಗಳ ಕಂತು ಸುಮಾರು 5,286 ರೂಪಾಯಿ, ಅಂದರೆ ವರ್ಷಕ್ಕೆ 63,432 ರೂಪಾಯಿ.

ಮನೆಯೊಂದಕ್ಕೆ 3,500ರಂತೆ ತಿಂಗಳಿಗೆ 7,000 ಬಾಡಿಗೆ ಬಂತು. ಹೆಚ್ಚಿನವರು ಇದನ್ನು 12ರಿಂದ ಗುಣಿಸಿ 84,000 ಎಂದು ಸಂತೋಷಪಡುತ್ತಾರೆ. 12 ಅಲ್ಲ, 11ರಿಂದ ಗುಣಿಸಿ. ಒಬ್ಬರು ಬಿಟ್ಟು ಹೋಗಿ ಸುಣ್ಣಬಣ್ಣ ಮಾಡಿಸಿ ಇನ್ನೊಬ್ಬರು ಬರುವಷ್ಟರಲ್ಲಿ ವರ್ಷಕ್ಕೆ ಒಂದು ತಿಂಗಳಾದರೂ ಹೋಗುತ್ತದೆ. ಆಗ ಬಂದದ್ದು 77,000. ಇದರಲ್ಲಿ ಪಂಚಾಯಿತಿ ಕಂದಾಯ ಮತ್ತು ನೀರಿನ ಕರ 2,000, ರಿಪೇರಿ ಮತ್ತು ಬಣ್ಣಕ್ಕೆ 8,000, ಮೋಟರು, ಹೊರಗಿನ ದೀಪ, ಶೌಚಗುಂಡಿ ಸ್ವಚ್ಛತೆಗೆ 2,000 ತೆಗೆದಿಡಿ. ಉಳಿಯುವುದು 65,000.

65,000ದಲ್ಲಿ ಕಂತು 63,432 ಕಳೆದರೆ ಇಡೀ ವರ್ಷಕ್ಕೆ ಕೈಗೆ ಸಿಗುವುದು 1,568 ರೂಪಾಯಿ. ಅಂದರೆ ಹತ್ತು ವರ್ಷದವರೆಗೆ ಆ ಮನೆ ತನ್ನ ಸಾಲವನ್ನು ತಾನು ತೀರಿಸಿಕೊಳ್ಳುತ್ತದೆ, ನಿಮಗೆ ಒಂದು ಸೀರೆಯ ದುಡ್ಡೂ ಸರಿಯಾಗಿ ಸಿಗುವುದಿಲ್ಲ. ಒಂದು ಮನೆ ಇನ್ನೂ ಎರಡು ತಿಂಗಳು ಖಾಲಿ ಉಳಿದರೆ 5,432 ರೂಪಾಯಿ ಕೈಯಿಂದ ಕಟ್ಟಬೇಕು. ಆ ದುಡ್ಡು ಬರಬೇಕಾದದ್ದು ಹಾಲಿನ ಬಟವಾಡೆಯಿಂದ. ಹಸು ಮಾರಿದ್ದರೆ ಅದು ಎಲ್ಲಿಂದ ಬರಬೇಕು?

ಹಸು ಮಾರಿ ಮನೆ ಕಟ್ಟಬೇಡಿ ಎನ್ನುವುದು ಇದಕ್ಕಾಗಿ. ಹಸುವಿನ ಹಾಲು ಮನೆಯನ್ನು ಸಾಕಬೇಕು. ಮನೆಯ ಸಾಲ ತೀರಿದ ಮೇಲೆ ಹಸುಗಳ ಸಂಖ್ಯೆ ಕಡಿಮೆ ಮಾಡಬಹುದು, ಆಗ ಮನೆ ನಿಮ್ಮನ್ನು ಸಾಕುತ್ತದೆ. ಈ ಕ್ರಮ ತಿರುಗುಮುರುಗಾದರೆ ಎರಡೂ ಕೈಬಿಡುತ್ತವೆ.

ಹಸು ಎಷ್ಟು ಕೊಡುತ್ತದೆ, ಮನೆ ಎಷ್ಟು ಕೊಡುತ್ತದೆ?

ದಿನಕ್ಕೆ ಸರಾಸರಿ 8 ಲೀಟರ್ ಕೊಡುವ ಎರಡು ಹಸು ಇವೆ ಎನ್ನಿ. 305 ದಿನದ ಕರಾವಿಗೆ ಒಂದೊಂದು 2,440 ಲೀಟರ್, ಎರಡೂ ಸೇರಿ 4,880 ಲೀಟರ್. ಹಿಂಡಿ, ಬೂಸಾ, ಮೇವು, ಔಷಧಿ ಕಳೆದು ಲೀಟರಿಗೆ 10 ರೂಪಾಯಿ ಉಳಿದರೂ 48,800. ಸರ್ಕಾರದ ಪ್ರೋತ್ಸಾಹಧನ ಇದರಲ್ಲಿ ಸೇರಿಸಿಲ್ಲ. ಮೇಲಿನ ಲೆಕ್ಕದ ಮನೆಯಿಂದ ಇಷ್ಟೇ ದುಡ್ಡು ಬರಬೇಕೆಂದರೆ ಸಾಲವಿಲ್ಲದ 5 ಲಕ್ಷಕ್ಕೂ ಹೆಚ್ಚಿನ ಕಟ್ಟಡ ಬೇಕು. ಎರಡು ಹಸು ಮಾರಿದರೆ 5 ಲಕ್ಷ ಬರುವುದಿಲ್ಲ.

ಆದರೆ ಹಸುವಿನ ಲೆಕ್ಕದಲ್ಲಿ ನಿಮ್ಮ ದುಡಿಮೆಗೆ ನಾವು ಕೂಲಿ ಹಾಕಿಲ್ಲ. ಹಸುವಿಗೆ ವಯಸ್ಸಾಗುತ್ತದೆ, ಕೆಚ್ಚಲು ಬಾವು ಬರುತ್ತದೆ, ಗಬ್ಬ ನಿಲ್ಲದೆ ಹೋಗುತ್ತದೆ. ಮನೆಗೆ ದಿನಾ ಎರಡು ಹೊತ್ತು ದುಡಿಯಬೇಕಿಲ್ಲ. ಹಾಗಾಗಿ ಇವೆರಡರಲ್ಲಿ ಒಂದನ್ನು ಬಿಟ್ಟು ಒಂದನ್ನು ಹಿಡಿಯುವ ಮಾತಿಲ್ಲ. ಗಟ್ಟಿ ಇರುವಾಗ ಹಸು, ಸೋಲುವ ಕಾಲಕ್ಕೆ ಮನೆ ಎಂದು ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿಕೊಳ್ಳಬೇಕು.

ಜಾಗ ಕೊಂಡು ಕಟ್ಟಿದರೆ

ಮೇಲಿನ ಲೆಕ್ಕದಲ್ಲಿ ಜಾಗ ನಿಮ್ಮದೇ ಇತ್ತು. ನಿವೇಶನಕ್ಕೇ 6 ಲಕ್ಷ ಕೊಟ್ಟರೆ ಒಟ್ಟು ಹೂಡಿದ್ದು 13 ಲಕ್ಷ. ಬಾಡಿಗೆಯಲ್ಲಿ ಉಳಿಯುವುದು ಅದೇ 65,000, ಅಂದರೆ ನೂರಕ್ಕೆ 5 ರೂಪಾಯಿ. ನೂರಕ್ಕೆ 10ರ ಬಡ್ಡಿಗೆ ಸಾಲ ತಂದು ನೂರಕ್ಕೆ 5 ಬರುವ ಕಡೆ ಹಾಕಿದರೆ ಸಾಲ ತೀರುವುದು ಬಾಡಿಗೆಯಿಂದಲ್ಲ, ನಿಮ್ಮ ಹಾಲಿನಿಂದ. ಜಾಗದ ಬೆಲೆ ಏರಬಹುದು, ಆದರೆ ಏರಿದ ಬೆಲೆ ಮಾರಿದಾಗ ಮಾತ್ರ ಕೈಗೆ ಬರುತ್ತದೆ. ತಿಂಗಳ ಕಂತನ್ನು ಅದರಿಂದ ಕಟ್ಟಲಾಗದು. ಆದ್ದರಿಂದ ಮೊದಲ ಬಾಡಿಗೆ ಮನೆ ನಿಮ್ಮಲ್ಲಿ ಈಗಾಗಲೇ ಇರುವ ಜಾಗದಲ್ಲೇ ಆಗಲಿ.

ಹಾಗೆಂದು ಮೇವಿನ ಜಾಗಕ್ಕೆ ಕೈ ಹಾಕಬೇಡಿ. ಒಂದು ಗುಂಟೆ ಎಂದರೆ 1,089 ಚದರ ಅಡಿ. 30×40 ಅಡಿಯ ನಿವೇಶನ ಅದಕ್ಕಿಂತ ಸ್ವಲ್ಪ ದೊಡ್ಡದು. ನೀರಾವರಿಯಲ್ಲಿ ಚೆನ್ನಾಗಿ ಬೆಳೆದ ನೇಪಿಯರ್ ಹುಲ್ಲು ಎಕರೆಗೆ ವರ್ಷಕ್ಕೆ 100 ಟನ್ ದಾಟುತ್ತದೆ. ಗುಂಟೆಗೆ ಎರಡೂವರೆ ಟನ್ ಹಿಡಿದರೂ ದಿನಕ್ಕೆ 25 ಕಿಲೋ ತಿನ್ನುವ ಒಂದು ಹಸುವಿಗೆ 100 ದಿನದ ಹಸಿಮೇವು. ಅಲ್ಲಿ ಮನೆ ಎದ್ದರೆ ಆ ನೂರು ದಿನದ ಮೇವನ್ನು ಕೊಂಡು ತರಬೇಕು. ಅದನ್ನೂ ಮನೆಯ ಖರ್ಚಿಗೇ ಬರೆಯಿರಿ.

ದುಡ್ಡು ನಿಮ್ಮದು, ಕಾಗದ ಯಾರ ಹೆಸರಿನಲ್ಲಿ?

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗಂಡನ ಅಥವಾ ಮಾವನ ಹೆಸರಿನ ಜಾಗದಲ್ಲಿ ನಿಮ್ಮ ಹಾಲಿನ ದುಡ್ಡು ಹಾಕಿ ಕಟ್ಟಿದರೆ ದಾಖಲೆಯಲ್ಲಿ ಆ ಮನೆ ನಿಮ್ಮದಾಗುವುದಿಲ್ಲ. ನಾಳೆ ಭಾಗವಾಗುವಾಗ, ಸಾಲಗಾರರು ಬಂದಾಗ ಅಥವಾ ಮನೆಯಲ್ಲಿ ಮನಸ್ತಾಪವಾದಾಗ "ಇದಕ್ಕೆ ನಾನು ದುಡ್ಡು ಹಾಕಿದ್ದೆ" ಎಂದು ತೋರಿಸುವುದು ಬಹಳ ಕಷ್ಟ.

ಕಟ್ಟುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಗಂಡನ ಹೆಸರಿನ ನಿವೇಶನವನ್ನು ದಾನಪತ್ರದ ಮೂಲಕ ನಿಮ್ಮ ಹೆಸರಿಗೆ ಅಥವಾ ಜಂಟಿ ಹೆಸರಿಗೆ ಮಾಡಿಸಬಹುದು. ಗಂಡ, ಹೆಂಡತಿ, ಮಕ್ಕಳಂಥ ಹತ್ತಿರದ ಸಂಬಂಧಿಕರ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಇದು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು, ಛಾಪಾ ಕಾಗದದ ಮೇಲೆ ಬರೆದುಕೊಟ್ಟರೆ ಸಾಲದು. ಜಾಗ ಪಿತ್ರಾರ್ಜಿತವಾಗಿದ್ದು ಇನ್ನೂ ಭಾಗವಾಗಿಲ್ಲದಿದ್ದರೆ ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ವಿಭಾಗಪತ್ರ ಆಗದೆ ಅಲ್ಲಿ ಒಂದು ಇಟ್ಟಿಗೆಯನ್ನೂ ಇಡಬೇಡಿ.

ಆಮೇಲೆ ನೋಡಬೇಕಾದ ಕಾಗದಗಳು:

ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು ನಮೂನೆ 11. ಪಟ್ಟಣವಾದರೆ ಇ-ಖಾತಾ. ನಮೂನೆಯಲ್ಲಿರುವ ಅಳತೆ, ಚೆಕ್ಕುಬಂದಿ, ಹೆಸರಿನ ಅಕ್ಷರ ನಿಮ್ಮ ಪತ್ರದೊಂದಿಗೆ ಹೊಂದುತ್ತದೆಯೇ ನೋಡಿ.

ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣ ಪತ್ರ, ಅಂದರೆ ಇ.ಸಿ. ಆ ಜಾಗದ ಮೇಲೆ ನೋಂದಾಯಿತ ಅಡಮಾನ ಅಥವಾ ಮಾರಾಟ ಆಗಿದೆಯೇ ಎಂಬುದು ಇದರಲ್ಲಿ ತಿಳಿಯುತ್ತದೆ.

ಹೊಲದ ಜಾಗವಾದರೆ ಭೂ ಪರಿವರ್ತನೆ ಆದೇಶ. ಪಹಣಿಯಲ್ಲಿ ಕೃಷಿ ಭೂಮಿ ಎಂದೇ ಇರುವ ಜಾಗದಲ್ಲಿ ಮನೆ ಕಟ್ಟಲು ಬ್ಯಾಂಕಿನ ಗೃಹಸಾಲ ಸಿಗುವುದು ಕಷ್ಟ.

ಪಂಚಾಯಿತಿಯ ಕಟ್ಟಡ ಪರವಾನಗಿ. ಸರ್ಕಾರಿ ವಸತಿ ಯೋಜನೆಯಲ್ಲಿ ಬಂದ ಮನೆ ನಿಮ್ಮ ವಾಸಕ್ಕೆ ಕೊಟ್ಟದ್ದು, ಅದನ್ನು ಬಾಡಿಗೆ ಲೆಕ್ಕಕ್ಕೆ ತರಬೇಡಿ.

ಯಾವ ಸಾಲ ಸರಿ, ಯಾವುದು ಬೇಡ

ಹಸು ಕೊಳ್ಳಲು ತಂದ ಸಾಲವನ್ನು, ಹೈನುಗಾರಿಕೆಯ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಗೋಡೆಗೆ ಹಾಕಬೇಡಿ. ಆ ಸಾಲದ ರಿಯಾಯಿತಿ ಬಡ್ಡಿ ಹೈನುಗಾರಿಕೆಗೆ ಕೊಟ್ಟದ್ದು. ಅದೂ ಅಲ್ಲದೆ ಅದನ್ನು ಬೇಗ ತಿರುಗಿಸಬೇಕು, ಮನೆಯಿಂದ ಅಷ್ಟು ಬೇಗ ದುಡ್ಡು ತಿರುಗುವುದಿಲ್ಲ. ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲವೂ ಇದಕ್ಕಲ್ಲ. ತಳಪಾಯ ಒಣಗುವ ಮೊದಲೇ ವಸೂಲಿಯವರು ಬಾಗಿಲಲ್ಲಿ ನಿಲ್ಲುತ್ತಾರೆ. ಸ್ವಸಹಾಯ ಸಂಘದ ಸಾಲ ಇರುವ ಕೋಣೆಗೆ ಬಾಗಿಲು, ಶೌಚಾಲಯ ಮಾಡಿಸಿ ಬಾಡಿಗೆಗೆ ತಯಾರು ಮಾಡುವಂಥ ಚಿಕ್ಕ ಕೆಲಸಕ್ಕೆ ಸರಿ.

ಹೊಸ ಕಟ್ಟಡಕ್ಕೆ ಬ್ಯಾಂಕಿನ ಗೃಹಸಾಲವೇ ಉತ್ತಮ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲವನ್ನು ಆಸ್ತಿ ಮೌಲ್ಯದ ಶೇ. 90ರವರೆಗೆ ಕೊಡಬಹುದು. ಆದರೆ ಸಿಗುತ್ತದೆ ಎಂದು ಅಷ್ಟೂ ತೆಗೆದುಕೊಳ್ಳಬೇಕಿಲ್ಲ. ಆದಾಯಕ್ಕೆ ಸಾಕ್ಷಿಯಾಗಿ ಡೇರಿಯ ಪಾಸ್‌ಬುಕ್ಕು ಮತ್ತು ಬಟವಾಡೆ ಜಮೆಯಾಗುವ ಬ್ಯಾಂಕ್ ಖಾತೆಯ ವಿವರ ಒಯ್ಯಿರಿ. ಸಂಘದ ಸದಸ್ಯತ್ವವೂ ಖಾತೆಯೂ ನಿಮ್ಮ ಹೆಸರಿನಲ್ಲಿರಬೇಕು ಎಂದು ನಾವು ಹೇಳುತ್ತಲೇ ಬಂದಿರುವುದು ಇಂಥ ಸಮಯಕ್ಕೆ. ನೀವು ಹಾಕಿದ ಹಾಲು ಬೇರೆಯವರ ಹೆಸರಿನಲ್ಲಿ ದಾಖಲಾದರೆ ಬ್ಯಾಂಕಿನ ಕಣ್ಣಿಗೆ ನಿಮಗೆ ಆದಾಯವೇ ಇಲ್ಲ.

ಅವಧಿಯ ವಿಷಯ. ಅದೇ 4 ಲಕ್ಷಕ್ಕೆ 7 ವರ್ಷ ಹಾಕಿದರೆ ಕಂತು ಸುಮಾರು 6,640, ಒಟ್ಟು ಬಡ್ಡಿ ಸುಮಾರು 1 ಲಕ್ಷ 58 ಸಾವಿರ. 10 ವರ್ಷಕ್ಕೆ ಕಂತು 5,286, ಒಟ್ಟು ಬಡ್ಡಿ ಸುಮಾರು 2 ಲಕ್ಷ 34 ಸಾವಿರ. ಬಡ್ಡಿ ಉಳಿಸುವ ಆಸೆಗೆ ದೊಡ್ಡ ಕಂತು ಹೊತ್ತು ನಡುವೆ ತಪ್ಪಿಸುವುದಕ್ಕಿಂತ ಉದ್ದ ಅವಧಿ ತೆಗೆದುಕೊಂಡು ಹಾಲು ಹೆಚ್ಚಿರುವ ತಿಂಗಳು ಅಸಲಿಗೆ ಹೆಚ್ಚುವರಿ ಕಟ್ಟುವುದು ಜಾಣತನ. ವ್ಯಕ್ತಿಗಳಿಗೆ ಕೊಟ್ಟ ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ.

ಕಂತು ಎಷ್ಟಿರಬೇಕು ಎಂಬುದಕ್ಕೆ ಒಂದು ಪರೀಕ್ಷೆ ಇದೆ. ಎರಡೂ ಮನೆ ಖಾಲಿ, ಹಸುಗಳಲ್ಲಿ ಒಂದು ಬತ್ತಿದೆ. ಅಂಥ ತಿಂಗಳಲ್ಲೂ ಕಂತು ಕಟ್ಟಲು ಆಗುತ್ತದೆಯೇ? ಆಗುತ್ತದೆ ಎಂದರೆ ಆ ಸಾಲ ನಿಮಗೆ ಸರಿ. ಇಲ್ಲವಾದರೆ ಎರಡು ಮನೆಯ ಬದಲು ಒಂದು ಮನೆ ಕಟ್ಟಿ. ಅದೇ ದರಕ್ಕೆ ಸಾಲ 2 ಲಕ್ಷಕ್ಕೆ ಇಳಿದರೆ ಕಂತು 2,643ಕ್ಕೆ ಇಳಿಯುತ್ತದೆ. ಮೊದಲನೆಯ ಮನೆಯ ಬಾಡಿಗೆ ಕೂಡಿಟ್ಟು ಎರಡನೆಯದಕ್ಕೆ ಕೈ ಹಾಕಿ.

ಭೋಗ್ಯದ ಆಸೆ

"ಮೂರು ವರ್ಷಕ್ಕೆ ಎರಡು ಲಕ್ಷ ಭೋಗ್ಯಕ್ಕೆ ಹಾಕಿಬಿಡಿ, ಬಾಡಿಗೆ ಕೇಳುವ ರಗಳೆಯೇ ಇಲ್ಲ" ಎಂದು ಹೇಳುವವರಿದ್ದಾರೆ. ಒಮ್ಮೆಗೇ ದೊಡ್ಡ ಮೊತ್ತ ಕೈಗೆ ಬರುತ್ತದೆ, ನಿಜ. ಆದರೆ ಅದು ಆದಾಯವಲ್ಲ, ಸಾಲ. ಮೂರು ವರ್ಷದ ನಂತರ ಅಷ್ಟೂ ದುಡ್ಡು ಎಣಿಸಿ ಕೊಡಬೇಕು, ಕೊಡುವವರೆಗೆ ಅವರು ಮನೆ ಬಿಡುವುದಿಲ್ಲ. ಆ ದುಡ್ಡು ಮದುವೆಗೋ ಬೋರ್‌ವೆಲ್ಲಿಗೋ ಹೋಗಿದ್ದರೆ ಮನೆ ನಿಮ್ಮದಾಗಿಯೂ ನಿಮ್ಮದಲ್ಲ. ಭೋಗ್ಯದ ಹಣವನ್ನು ಹೆಚ್ಚು ಬಡ್ಡಿಯ ಹಳೆಯ ಸಾಲ ತೀರಿಸಲು ಬಳಸಿ, ಉಳಿದ ಬಡ್ಡಿಯನ್ನು ತಿಂಗಳು ತಿಂಗಳು ಕೂಡಿಡುವ ಶಿಸ್ತು ಇದ್ದರೆ ಮಾತ್ರ ಅದರ ಕಡೆ ನೋಡಿ.

ಬಾಡಿಗೆಗೆ ಕೊಡುವಾಗ

ಹಸು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟುತ್ತೀರಿ, ಎರಡು ಹೊತ್ತು ಕರೆದು ನೋಡುತ್ತೀರಿ. ಬಾಡಿಗೆಗೆ ಬರುವವರನ್ನೂ ವಿಚಾರಿಸದೆ ಸೇರಿಸಬೇಡಿ. ಎಲ್ಲಿ ಕೆಲಸ, ಮನೆಯಲ್ಲಿ ಎಷ್ಟು ಜನ, ಹಿಂದಿನ ಮನೆ ಯಾಕೆ ಬಿಟ್ಟರು ಎಂದು ಕೇಳಿ. ಆಧಾರ್ ನಕಲು ಮತ್ತು ಫೋಟೋ ಇಟ್ಟುಕೊಳ್ಳಿ.

ನೆಂಟರ ಕಡೆಯವರಾದರೂ ಕರಾರು ಪತ್ರ ಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸುವುದು ಕಡ್ಡಾಯ, ಅದಕ್ಕೇ ಹೆಚ್ಚಿನವರು 11 ತಿಂಗಳಿಗೆ ಬರೆಸುತ್ತಾರೆ. ಅದರಲ್ಲಿ ಬಾಡಿಗೆ, ಕೊಡಬೇಕಾದ ದಿನಾಂಕ, ಮುಂಗಡ, ನವೀಕರಿಸುವಾಗ ಎಷ್ಟು ಏರಿಕೆ, ಬಿಡುವ ಮುನ್ನ ಎಷ್ಟು ದಿನ ತಿಳಿಸಬೇಕು, ನಲ್ಲಿ ಮತ್ತು ಬಲ್ಬಿನಂಥ ಸಣ್ಣ ರಿಪೇರಿ ಯಾರದು, ಬೇರೆಯವರಿಗೆ ಒಳಬಾಡಿಗೆ ಕೊಡಬಾರದು ಎಂಬುದೆಲ್ಲ ಇರಲಿ. ಬಾಡಿಗೆ ನಿಮ್ಮ ಖಾತೆಗೇ ಬರಲಿ. ಕೈಗೆ ಕೊಟ್ಟರೆ ರಸೀದಿ ಕೊಡಿ. ಮುಂಗಡದ ಹಣ ನಿಮ್ಮದಲ್ಲ, ತಿರುಗಿ ಕೊಡುವುದು. ಅದನ್ನು ಬೇರೆ ಖಾತೆಯಲ್ಲಿಡಿ.

ಪ್ರತಿ ಮನೆಗೂ ಪ್ರತ್ಯೇಕ ವಿದ್ಯುತ್ ಮೀಟರ್ ಹಾಕಿಸಿ. ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು, ಅದಕ್ಕೆ ಅವರು ವಾಸವಿರುವ ಮನೆಯ ಮೀಟರ್ ಬೇಕು. ಇದರಿಂದ ನಿಮ್ಮ ಮನೆಯ ಕರೆಂಟಿನೊಂದಿಗೆ ಬೆರೆಯುವ ಜಗಳವೂ ತಪ್ಪುತ್ತದೆ.

ಬಾಡಿಗೆ ನಿಂತರೆ ಮೊದಲ ತಿಂಗಳಲ್ಲೇ ಕೇಳಿ. ಕೆಚ್ಚಲು ಬಾವಿನಂತೆ ಇದೂ ತಡಮಾಡಿದಷ್ಟು ಕಷ್ಟ. ಆದರೆ ಕೋಪಕ್ಕೆ ನೀರು ನಿಲ್ಲಿಸುವುದು, ಕರೆಂಟು ತೆಗೆಯುವುದು, ಬೀಗ ಜಡಿಯುವುದು ಮಾಡಿದರೆ ತಪ್ಪು ನಿಮ್ಮ ಮೇಲೇ ಬರುತ್ತದೆ. ಬರಹದಲ್ಲಿ ನೋಟಿಸ್ ಕೊಡಿ, ಬಗ್ಗದಿದ್ದರೆ ವಕೀಲರ ಮೂಲಕ ಮುಂದುವರಿಯಿರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ.

ಆದಾಯ ತೆರಿಗೆಯ ಒಂದು ಮಾತು. ಹಾಲಿನ ಆದಾಯವನ್ನು ತೆರಿಗೆ ಕಾನೂನು ಕೃಷಿ ಆದಾಯ ಎಂದು ಪರಿಗಣಿಸುವುದಿಲ್ಲ. ಬಾಡಿಗೆಯೂ ಆದಾಯವೇ, ಅದರಲ್ಲಿ ಶೇ. 30ರಷ್ಟನ್ನು ಖರ್ಚಿನ ಬಾಬ್ತು ಕಳೆಯಲು ಅವಕಾಶವಿದೆ. 2025–26ರಿಂದ ಹೊಸ ಪದ್ಧತಿಯಲ್ಲಿ ವಾರ್ಷಿಕ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ಬರುವುದಿಲ್ಲ. ಆದರೂ ಲೆಕ್ಕದ ಪುಸ್ತಕ ಇರಲಿ.

ಕೊಟ್ಟಿಗೆ ಪಕ್ಕದಲ್ಲಿ ಮನೆ ಕಟ್ಟುವವರಿಗೆ

ಇದು ನಮ್ಮ ಇಲಾಖೆಯ ಮಾತು. ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ಕುಡಿಯುವ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಎರಡು ಮನೆಯ ಎಂಟು ಜನಕ್ಕೆ 440 ಲೀಟರ್, ಅಂದರೆ ಆರು ಹಸುವಿನ ನೀರು. ಬೇಸಿಗೆಯಲ್ಲಿ ನಿಮ್ಮ ಬೋರ್‌ವೆಲ್ ಇಷ್ಟನ್ನು ತಡೆಯುತ್ತದೆಯೇ ನೋಡಿ. ನೀರು ಸಾಲದೆ ಹೋದರೆ ಮೊದಲು ಇಳಿಯುವುದು ಹಾಲು.

ಶೌಚದ ಇಂಗುಗುಂಡಿ ಬೋರ್‌ವೆಲ್ಲಿನಿಂದ ಕನಿಷ್ಠ 50 ಅಡಿ ದೂರ ಇರಲಿ. ತಿಪ್ಪೆ ಬಾಡಿಗೆ ಮನೆಯ ಕಿಟಕಿಯ ಕಡೆ ಬೇಡ, ನೊಣ ಮತ್ತು ವಾಸನೆಗೆ ಯಾರೂ ನಿಲ್ಲುವುದಿಲ್ಲ. ಬೆಳಗಿನ ಮೇವು ಕತ್ತರಿಸುವ ಯಂತ್ರದ ಸದ್ದು, ಹಾಲು ಕರೆಯುವ ಹೊತ್ತು ಇವನ್ನೆಲ್ಲ ಬರುವವರಿಗೆ ಮೊದಲೇ ಹೇಳಿ. ಉಣ್ಣೆಗೆ ಹೊಡೆಯುವ ಔಷಧಿ ಬೀಗದೊಳಗಿರಲಿ, ಮಕ್ಕಳು ಓಡಾಡುತ್ತಾರೆ. ಹಸು ಕಂದು ಹಾಕಿದರೆ ಆ ಜಾಗಕ್ಕೆ ಯಾರನ್ನೂ ಬಿಡಬೇಡಿ, ನಮಗೆ ತಿಳಿಸಿ. ಕಂದುರೋಗ ಅಂದರೆ ಬ್ರುಸೆಲ್ಲಾ ಮನುಷ್ಯರಿಗೂ ಹರಡುತ್ತದೆ. ಬಾಡಿಗೆಯವರಿಗೆ ಹಾಲು ಕೊಟ್ಟರೆ ಕಾಯಿಸಿಯೇ ಕುಡಿಯಲು ಹೇಳಿ.

ತಳಪಾಯ ತೋಡುವ ಮುನ್ನ ಆರು ಪ್ರಶ್ನೆ

1. ಜಾಗದ ದಾಖಲೆಯಲ್ಲಿ ನನ್ನ ಹೆಸರಿದೆಯೇ?
2. ಬಾಡಿಗೆಯನ್ನು 12ರ ಬದಲು 11 ತಿಂಗಳಿಗೆ ಲೆಕ್ಕ ಹಾಕಿದ್ದೇನೆಯೇ?
3. ಮನೆ ಖಾಲಿ ಇದ್ದು ಹಸು ಬತ್ತಿದ ತಿಂಗಳಲ್ಲೂ ಕಂತು ಕಟ್ಟಬಲ್ಲೆನೇ?
4. ನಮ್ಮ ಕಡೆ ಈಗ ಎಷ್ಟು ಬಾಡಿಗೆ ಮನೆ ಖಾಲಿ ಇವೆ, ಎಷ್ಟು ದಿನದಿಂದ?
5. ಮೇವು ಮತ್ತು ನೀರು ಕಡಿಮೆಯಾಗುವುದಿಲ್ಲವೇ?
6. ಆರು ತಿಂಗಳ ಕಂತಿನಷ್ಟು ಹಣ ಬೇರೆ ತೆಗೆದಿಟ್ಟಿದ್ದೇನೆಯೇ?

ಆರಕ್ಕೂ ಉತ್ತರ ಸಿಗದಿದ್ದರೆ ಅವಸರ ಬೇಡ. ಮನೆಯಲ್ಲೇ ಹೆಚ್ಚುವರಿ ಕೋಣೆಯಿದ್ದರೆ ಅದಕ್ಕೊಂದು ಬಾಗಿಲು, ಶೌಚಾಲಯ ಮಾಡಿಸಿ ಒಂದು ವರ್ಷ ಬಾಡಿಗೆಗೆ ಕೊಟ್ಟು ನೋಡಿ. ಜನ ಬರುತ್ತಾರೆಯೇ, ದುಡ್ಡು ಸರಿಯಾಗಿ ಕೊಡುತ್ತಾರೆಯೇ, ಈ ಕೆಲಸ ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂಬುದು ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ. ಈ ಬಾರಿ ಬಟವಾಡೆ ಬಂದ ದಿನ ಪಾಸ್‌ಬುಕ್ಕು ಮುಂದಿಟ್ಟುಕೊಂಡು, ಕಳೆದ ಹನ್ನೆರಡು ತಿಂಗಳಲ್ಲಿ ತೀರಾ ಕಡಿಮೆ ಹಾಲು ಬಂದ ತಿಂಗಳು ಯಾವುದು, ಆಗ ಕೈಗೆ ಬಂದದ್ದು ಎಷ್ಟು ಎಂದು ಬರೆದುಕೊಳ್ಳಿ. ನೀವು ಹೊರಬಹುದಾದ ಸಾಲವನ್ನು ಆ ಅಂಕಿಯ ಮೇಲೆ ಲೆಕ್ಕ ಹಾಕಿ.